ಓದುಗರ ಪ್ರಶ್ನೆ: ಆನ್‌ಲೈನ್‌ನಲ್ಲಿ ಕಟ್ಟಿದ ಹಣ ವಾಪಸು ಬರಲು ಎಷ್ಟು ದಿನ, ಕೇಳಲು ಎಷ್ಟು ದಿನ?

ಖಾತೆಯಿಂದ ಹಣ ಹೋಗಿದೆ, ಆದರೆ ಕೆಲಸ ಆಗಿಲ್ಲ. ಇನ್ನೆಷ್ಟು ದಿನ ಕಾಯಬೇಕು ಎಂದು ಕೇಳುವ ಪತ್ರಗಳೇ ಈ ಬಾರಿ ಹೆಚ್ಚಾಗಿ ಬಂದಿವೆ. ಎಲ್ಲವನ್ನೂ ಒಟ್ಟಿಗೆ ಓದಿದಾಗ ಒಂದು ಗೊಂದಲ ಬಹುತೇಕ ಪತ್ರಗಳಲ್ಲಿ ಕಂಡುಬಂತು. ಹಣ ಹಿಂದಿರುಗಿಸಲು ಬ್ಯಾಂಕಿಗೆ ವಿಧಿಸಿರುವ ಗಡುವು ಒಂದು. ದೂರು ಕೊಡಲು ಗ್ರಾಹಕರಿಗೆ ಇರುವ ಗಡುವು ಇನ್ನೊಂದು. ಮೊದಲನೆಯದು ಮೀರಿದರೆ ಪರಿಹಾರ ಸಿಗುತ್ತದೆ, ಎರಡನೆಯದು ಮೀರಿದರೆ ಹಕ್ಕೇ ಕಳೆದುಹೋಗಬಹುದು. ಬ್ಯಾಂಕಿನವರು ಕಾಯಿರಿ ಎಂದರೆಂದು ಕಾಯುತ್ತ ಕುಳಿತು ತಮ್ಮ ಗಡುವನ್ನು ಕಳೆದುಕೊಂಡವರ ಪತ್ರಗಳೂ ಇದ್ದುದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಈ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಅಂಗಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ 640 ರೂಪಾಯಿ ಕಟ್ಟಿದೆ. ನನ್ನ ಖಾತೆಯಿಂದ ಹಣ ಕಡಿತವಾಯಿತು, ಅಂಗಡಿಯವರಿಗೆ ಮಾತ್ರ ಬಂದಿಲ್ಲವೆಂದರು. ಅಲ್ಲೇ ನಗದು ಕೊಟ್ಟು ಬಂದೆ. ಬ್ಯಾಂಕಿನಲ್ಲಿ ಕೇಳಿದರೆ ‘ತಾನಾಗಿಯೇ ಬರುತ್ತದೆ, ನೋಡೋಣ’ ಎನ್ನುತ್ತಾರೆ. ಹನ್ನೆರಡು ದಿನವಾಯಿತು. ಇಷ್ಟು ಸಣ್ಣ ಮೊತ್ತಕ್ಕೆ ನಿಯಮವೇನಾದರೂ ಇದೆಯೇ?

ಉತ್ತರ: ಇದೆ, ಮತ್ತು ಅದರಲ್ಲಿ ಸಣ್ಣ ಮೊತ್ತ, ದೊಡ್ಡ ಮೊತ್ತ ಎಂಬ ಭೇದವಿಲ್ಲ. ವಿಫಲವಾದ ವಹಿವಾಟುಗಳ ಹಣವನ್ನು ಎಷ್ಟು ದಿನಗಳಲ್ಲಿ ಹಿಂದಿರುಗಿಸಬೇಕು ಎಂಬುದನ್ನು ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ನಿಗದಿ ಮಾಡಿತು. ಅದು ಅದೇ ವರ್ಷದ ಅಕ್ಟೋಬರ್ 15ರಿಂದ ಜಾರಿಗೆ ಬಂತು. ವಹಿವಾಟು ನಡೆದ ದಿನವನ್ನು ಅದರಲ್ಲಿ ‘ಟಿ’ ಎಂದು ಕರೆದಿದ್ದಾರೆ. ವ್ಯಾಪಾರಿಗೆ ಯುಪಿಐ ಮೂಲಕ ಕಟ್ಟಿದ ಹಣ ನಿಮ್ಮ ಖಾತೆಯಿಂದ ಹೋಗಿದ್ದು, ವ್ಯಾಪಾರಿಯ ಕಡೆ ಖಚಿತ ಸಂದೇಶ ಬಾರದಿದ್ದರೆ ‘ಟಿ’ ಕೂಡಿಸು ಐದು ದಿನಗಳೊಳಗೆ ಅದು ಹಿಂದಿರುಗಬೇಕು. ಕಾರ್ಡಿನ ಮೂಲಕ ಅಂಗಡಿಯಲ್ಲಿ ಅಥವಾ ಜಾಲತಾಣದಲ್ಲಿ ಕಟ್ಟಿದ್ದಕ್ಕೂ, ಎಟಿಎಂನಿಂದ ಹಣ ಹೊರಬಾರದೆ ಖಾತೆಯಲ್ಲಿ ಕಡಿತವಾದದ್ದಕ್ಕೂ ಇದೇ ಐದು ದಿನ. ಒಬ್ಬ ವ್ಯಕ್ತಿಯಿಂದ ಇನ್ನೊಬ್ಬರ ಖಾತೆಗೆ ಯುಪಿಐ ಅಥವಾ ಐಎಂಪಿಎಸ್ (ಬ್ಯಾಂಕುಗಳ ನಡುವೆ ತಕ್ಷಣ ಹಣ ವರ್ಗಾಯಿಸುವ ವ್ಯವಸ್ಥೆ) ಮೂಲಕ ಕಳುಹಿಸಿದ ಹಣ ಅವರಿಗೆ ಜಮೆಯಾಗದಿದ್ದರೆ ಗಡುವು ಇನ್ನೂ ಚಿಕ್ಕದು: ಮರುದಿನದೊಳಗೆ ವಾಪಸಾಗಬೇಕು.

ಇಲ್ಲಿ ಗಮನಿಸಬೇಕಾದ ವಿಷಯ ಎರಡು. ಈ ದಿನಗಳನ್ನು ಕ್ಯಾಲೆಂಡರ್ ಪ್ರಕಾರ ಎಣಿಸಬೇಕೇ ಹೊರತು ಕೆಲಸದ ದಿನಗಳ ಪ್ರಕಾರವಲ್ಲ. ಭಾನುವಾರವೂ ಹಬ್ಬದ ರಜೆಯೂ ಲೆಕ್ಕಕ್ಕೆ ಸೇರುತ್ತವೆ. ಎರಡನೆಯದಾಗಿ, ಗಡುವು ಮೀರಿದ ಮೇಲೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರವನ್ನು ಗ್ರಾಹಕರ ಖಾತೆಗೆ ಜಮೆ ಮಾಡಬೇಕು, ಅದೂ ಗ್ರಾಹಕರು ದೂರು ಕೊಡಲಿ ಎಂದು ಕಾಯದೆ, ಸಂಸ್ಥೆ ತಾನಾಗಿಯೇ ಮಾಡಬೇಕು. ಒಂದು ಲೆಕ್ಕ ನೋಡೋಣ. ನೀವು 3ನೇ ತಾರೀಕು ಹಣ ಕಟ್ಟಿದ್ದರೆ 8ನೇ ತಾರೀಕಿನೊಳಗೆ ಅದು ಬರಬೇಕು. 15ರಂದು ಬಂದರೆ ಏಳು ದಿನ ತಡವಾದಂತಾಯಿತು. 640 ರೂಪಾಯಿಯ ಜೊತೆಗೆ 700 ರೂಪಾಯಿ ಪರಿಹಾರವೂ ಬರಬೇಕು. ಪರಿಹಾರ ಮೂಲ ಮೊತ್ತಕ್ಕಿಂತ ಹೆಚ್ಚಾಯಿತಲ್ಲ ಎಂದು ಸಂಕೋಚಪಡಬೇಕಾಗಿಲ್ಲ. ವಿಳಂಬಕ್ಕೆ ಬೆಲೆ ತೆರುವಂತಾದರೆ ಮಾತ್ರ ಸಣ್ಣ ಮೊತ್ತಗಳ ವಿಷಯದಲ್ಲೂ ಶ್ರದ್ಧೆ ಮೂಡುತ್ತದೆ ಎಂಬುದು ನನ್ನ ನಂಬಿಕೆ.

ನಿಯಮದಲ್ಲಿ ‘ತಾನಾಗಿಯೇ’ ಎಂದಿದ್ದರೂ ನೀವು ಸುಮ್ಮನಿರಬೇಡಿ. ಹಣ ಕಟ್ಟಿದ ಆ್ಯಪ್ ತೆರೆದು ಆ ವಹಿವಾಟನ್ನು ಒತ್ತಿದರೆ ಅದರ ವಿವರದ ಕೆಳಗೆ ಹನ್ನೆರಡು ಅಂಕಿಗಳ ಯುಟಿಆರ್ ಸಂಖ್ಯೆ ಕಾಣುತ್ತದೆ. ನಿಮ್ಮ ಹಣದ ಜಾಡು ಹಿಡಿಯಲು ಎರಡೂ ಬ್ಯಾಂಕುಗಳು ಬಳಸುವುದು ಆ ಸಂಖ್ಯೆಯನ್ನೇ. ಅದನ್ನು ಬರೆದಿಟ್ಟುಕೊಂಡು, ಆ್ಯಪ್‌ನಲ್ಲಿ ದೂರು ದಾಖಲಿಸಿ, ಬ್ಯಾಂಕಿಗೆ ಇಮೇಲ್ ಕಳುಹಿಸಿ ದೂರು ಸಂಖ್ಯೆಯನ್ನು ಪಡೆದುಕೊಳ್ಳಿ. ಶಾಖೆಯ ಕಿಟಕಿಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ಮುಂದೆ ಯಾವ ದಾಖಲೆಯೂ ಉಳಿಯುವುದಿಲ್ಲ.

ಪ್ರಸಂಗ ಬಂದುದರಿಂದ ಇನ್ನೊಂದು ಮಾತು. ಪರದೆಯ ಮೇಲೆ ‘ವಿಫಲ’ ಎಂದು ಬಂದ ತಕ್ಷಣ ಮತ್ತೊಮ್ಮೆ ಕಟ್ಟಿ, ಆಮೇಲೆ ಎರಡೂ ಪಾವತಿಗಳು ವ್ಯಾಪಾರಿಗೆ ತಲುಪಿರುವುದು ತಿಳಿದು ನಾನೇ ಒಮ್ಮೆ ಪೇಚಿಗೆ ಸಿಕ್ಕಿಕೊಂಡಿದ್ದೆ. ವ್ಯಾಪಾರಿಗೆ ಹಣ ತಲುಪಿಬಿಟ್ಟರೆ ಅದು ವಿಫಲ ವಹಿವಾಟಲ್ಲ; ಐದು ದಿನದ ನಿಯಮವಾಗಲಿ, ನೂರು ರೂಪಾಯಿ ಪರಿಹಾರವಾಗಲಿ ಅದಕ್ಕೆ ಅನ್ವಯಿಸದು. ಹೆಚ್ಚಿಗೆ ಹೋದ ಹಣವನ್ನು ವ್ಯಾಪಾರಿಯೇ ಹಿಂದಿರುಗಿಸಬೇಕಾಗುತ್ತದೆ. ಆದ್ದರಿಂದ ಎರಡನೆಯ ಬಾರಿ ಕಟ್ಟುವ ಮುನ್ನ ಮೊದಲನೆಯದು ಏನಾಯಿತೆಂದು ಖಾತೆಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ವಸ್ತುವನ್ನು ಹಿಂದಿರುಗಿಸಿದೆ. ‘ರಿಫಂಡ್ ಆಗಿದೆ’ ಎಂದು ಕಂಪನಿಯವರು ಸಂದೇಶ ಕಳುಹಿಸಿದ್ದಾರೆ, ಬ್ಯಾಂಕಿನವರು ಏನೂ ಬಂದಿಲ್ಲ ಎನ್ನುತ್ತಾರೆ. ಯಾರನ್ನು ನಂಬಲಿ? ಹಣದ ಬದಲು ಅವರ ವ್ಯಾಲೆಟ್‌ಗೆ ಜಮೆ ಮಾಡಿಕೊಳ್ಳಿ ಎಂದೂ ಒತ್ತಾಯಿಸುತ್ತಿದ್ದಾರೆ.

ಉತ್ತರ: ಇಬ್ಬರೂ ನಿಜ ಹೇಳುತ್ತಿರಬಹುದು. ರಿಫಂಡ್ ಆರಂಭಿಸಿದ್ದೇವೆ ಎಂಬುದಕ್ಕೂ ನಿಮ್ಮ ಖಾತೆಗೆ ಜಮೆಯಾಗಿದೆ ಎಂಬುದಕ್ಕೂ ನಡುವೆ ದಾರಿಯಿದೆ. ಕಾರ್ಡಿನಿಂದ ಕಟ್ಟಿದ ಹಣವಾದರೆ ಅದು ವ್ಯಾಪಾರಿಯಿಂದ ಪಾವತಿ ಸಂಸ್ಥೆಗೆ, ಅಲ್ಲಿಂದ ವ್ಯಾಪಾರಿಯ ಬ್ಯಾಂಕಿಗೆ, ಬಳಿಕ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲದ ಮೂಲಕ ನಿಮ್ಮ ಬ್ಯಾಂಕಿಗೆ ಬರಬೇಕು. ಕಾರ್ಡಿನ ರಿಫಂಡ್‌ಗೆ ಎಆರ್‌ಎನ್ ಎಂಬ ಇಪ್ಪತ್ತಮೂರು ಅಂಕಿಗಳ ಸಂಖ್ಯೆಯೊಂದು ಇರುತ್ತದೆ. ಕಂಪನಿಯವರಿಂದ ಅದನ್ನು ಕೇಳಿ ಪಡೆದು ನಿಮ್ಮ ಬ್ಯಾಂಕಿಗೆ ಕೊಡಿ. ಸಂಖ್ಯೆ ಕೊಡಲು ಕಂಪನಿಯವರು ಹಿಂದೆಮುಂದೆ ನೋಡಿದರೆ ರಿಫಂಡ್ ಇನ್ನೂ ಅವರ ಬಾಗಿಲನ್ನೇ ದಾಟಿಲ್ಲವೆಂದು ಸಂಶಯಪಡಲು ಕಾರಣವಿದೆ.

ವ್ಯಾಲೆಟ್ ವಿಷಯದಲ್ಲಿ ನೀವು ಒಪ್ಪಬೇಕಾಗಿಲ್ಲ. ಪಾವತಿ ಮಧ್ಯವರ್ತಿ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 17ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಗ್ರಾಹಕರು ಬೇರೆ ವಿಧಾನಕ್ಕೆ ನಿರ್ದಿಷ್ಟವಾಗಿ ಒಪ್ಪಿಗೆ ಕೊಟ್ಟ ಹೊರತು, ಹಣ ಯಾವ ದಾರಿಯಲ್ಲಿ ಬಂದಿತೋ ಅದೇ ದಾರಿಯಲ್ಲಿ ಹಿಂದಿರುಗಬೇಕು. ಅವಸರದಲ್ಲಿ ಒತ್ತಿಬಿಡುವ ‘ತಕ್ಷಣ ವ್ಯಾಲೆಟ್‌ಗೆ’ ಎಂಬ ಗುಂಡಿಯೇ ಆ ಒಪ್ಪಿಗೆಯಾಗಿಬಿಡಬಹುದು. ಇನ್ನು ಕಂಪನಿಯ ಗಡುವಿನ ಮಾತು: 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಅವರ ಕುಂದುಕೊರತೆ ಅಧಿಕಾರಿ ನಿಮ್ಮ ದೂರು ತಲುಪಿದೆಯೆಂದು 48 ಗಂಟೆಗಳೊಳಗೆ ತಿಳಿಸಬೇಕು ಮತ್ತು ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಅಧಿಕಾರಿಯ ವಿಳಾಸ ಜಾಲತಾಣದಲ್ಲೇ ಇರಬೇಕೆಂಬುದೂ ನಿಯಮ. ಸಹಾಯವಾಣಿಯ ಚಾಟ್‌ನಲ್ಲಿ ದಿನ ಕಳೆಯುವ ಬದಲು ನೇರವಾಗಿ ಅವರಿಗೇ ಬರೆಯಿರಿ.

ಪ್ರಶ್ನೆ: ನಮ್ಮ ತಂದೆಯವರ ಉಳಿತಾಯ ಖಾತೆಯಿಂದ ಶುಕ್ರವಾರ ರಾತ್ರಿ ಎರಡು ಬಾರಿ ಹಣ ಹೋಗಿದೆ: 24,000 ಮತ್ತು 6,000 ರೂಪಾಯಿ. ಅವರು ಯಾರಿಗೂ ಓಟಿಪಿ ಹೇಳಿಲ್ಲ, ಯಾವ ಲಿಂಕನ್ನೂ ಒತ್ತಿಲ್ಲ. ಮನೆಯಲ್ಲಿ ಮದುವೆಯ ಗಡಿಬಿಡಿ ಇದ್ದುದರಿಂದ ಸಂದೇಶವನ್ನು ನೋಡಿದ್ದು ಭಾನುವಾರ. ತಡವಾಯಿತೇ?

ಉತ್ತರ: ತಡವಾಗಿಲ್ಲ, ಆದರೆ ಇನ್ನು ಒಂದು ಗಂಟೆಯೂ ತಡ ಮಾಡಬೇಡಿ. ಗ್ರಾಹಕರ ಮೇಲಿರುವ ಗಡುವು ಎಂದು ಆರಂಭದಲ್ಲಿ ಹೇಳಿದೆನಲ್ಲ, ಅದು ಅತ್ಯಂತ ಕಟ್ಟುನಿಟ್ಟಾಗಿರುವುದು ಇಲ್ಲೇ. ಖಾತೆದಾರರ ಅನುಮತಿಯಿಲ್ಲದೆ ನಡೆದ ವಹಿವಾಟುಗಳ ಹೊಣೆಯನ್ನು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೀಗೆ ಹಂಚಿದೆ. ತಪ್ಪು ಬ್ಯಾಂಕಿನದೇ ಆಗಿದ್ದರೆ ಗ್ರಾಹಕರು ಯಾವಾಗ ತಿಳಿಸಿದರೂ ಅವರ ಮೇಲೆ ಹೊಣೆಯಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ಪೂರ್ತಿ ಹಣ ಬರಬೇಕು. ನಾಲ್ಕರಿಂದ ಏಳನೆಯ ಕೆಲಸದ ದಿನದೊಳಗೆ ತಿಳಿಸಿದರೆ ಪ್ರತಿ ವಹಿವಾಟಿಗೂ ಒಂದು ಮಿತಿಯವರೆಗೆ ನಷ್ಟವನ್ನು ಗ್ರಾಹಕರು ಹೊರಬೇಕು. ಆ ಮಿತಿ ಮೂಲ ಉಳಿತಾಯ ಖಾತೆಗೆ (ಕನಿಷ್ಠ ಮೊತ್ತ ಇಡಬೇಕಿಲ್ಲದ ಸರಳ ಖಾತೆ) 5,000, ಸಾಮಾನ್ಯ ಉಳಿತಾಯ ಖಾತೆಗೂ 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೂ 10,000, ಅದಕ್ಕಿಂತ ದೊಡ್ಡ ಕ್ರೆಡಿಟ್ ಕಾರ್ಡಿಗೆ 25,000 ರೂಪಾಯಿ. ಏಳು ದಿನ ಕಳೆದರೆ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ ತೀರ್ಮಾನ. ಅಂದರೆ ನಿಮ್ಮ ಹಕ್ಕಾಗಿದ್ದದ್ದು ಅವರ ವಿವೇಚನೆಗೆ ಬಿಟ್ಟದ್ದಾಗುತ್ತದೆ.

ಇಲ್ಲಿ ಎಣಿಕೆ ಕೆಲಸದ ದಿನಗಳದ್ದು. ಸಂದೇಶ ಬಂದ ದಿನವನ್ನು ಬಿಟ್ಟು, ನಿಮ್ಮ ಖಾತೆಯಿರುವ ಶಾಖೆಯ ಕೆಲಸದ ದಿನಗಳನ್ನು ಎಣಿಸಬೇಕು. ಶುಕ್ರವಾರ ಬಂದ ಸಂದೇಶಕ್ಕೆ, ಮರುದಿನ ಎರಡನೆಯ ಶನಿವಾರವಾಗಿದ್ದರೆ, ಎಣಿಕೆ ಸೋಮವಾರದಿಂದ ಶುರುವಾಗಿ ಬುಧವಾರಕ್ಕೆ ಮೂರು ದಿನ ತುಂಬುತ್ತದೆ. ಬ್ಯಾಂಕ್ ತೆರೆದಿದ್ದ ಶನಿವಾರವಾದರೆ ಮಂಗಳವಾರಕ್ಕೇ ಮುಗಿಯುತ್ತದೆ. ಗುರುವಾರ ಹೋದರಾಯಿತು ಎಂದುಕೊಂಡರೆ ಆಗುವ ನಷ್ಟವನ್ನು ನಿಮ್ಮ ತಂದೆಯವರ ಲೆಕ್ಕದಲ್ಲೇ ನೋಡಿ: 24,000ದ ವಹಿವಾಟಿನಲ್ಲಿ 10,000 ಅವರ ತಲೆಗೆ ಬರುತ್ತದೆ, 6,000 ರೂಪಾಯಿಯ ವಹಿವಾಟು ಮಿತಿಗಿಂತ ಕಡಿಮೆಯಾದ್ದರಿಂದ ಪೂರ್ತಿಯಾಗಿ ಅವರದೇ ಆಗುತ್ತದೆ. ಒಂದೆರಡು ದಿನದ ಉದಾಸೀನಕ್ಕೆ 16,000 ರೂಪಾಯಿ.

ಭಾನುವಾರ ಶಾಖೆ ಮುಚ್ಚಿರುತ್ತದೆ ಎಂದು ಸೋಮವಾರದವರೆಗೆ ಕಾಯುವ ಅಗತ್ಯವಿಲ್ಲ. ಇಂಥ ದೂರನ್ನು ಹಗಲುರಾತ್ರಿ ಸ್ವೀಕರಿಸುವ ವ್ಯವಸ್ಥೆ ಇರಬೇಕೆಂದು ಅದೇ ಸುತ್ತೋಲೆ ಬ್ಯಾಂಕುಗಳಿಗೆ ಹೇಳಿದೆ. ಕರೆ ಮಾಡಿ ಕಾರ್ಡನ್ನೂ ನೆಟ್ ಬ್ಯಾಂಕಿಂಗನ್ನೂ ತಡೆಹಿಡಿಸಿ, ಜೊತೆಗೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ವೇಗಕ್ಕೆ ಸಮನಾಗಿ ಅದನ್ನು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ನೀವು ತಿಳಿಸಿದ ಮೇಲೆ ಗಡುವಿನ ಭಾರ ಬ್ಯಾಂಕಿನ ಕಡೆಗೆ ತಿರುಗುತ್ತದೆ: ಹತ್ತು ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮೆ ಮಾಡಬೇಕು, ತೊಂಬತ್ತು ದಿನಗಳೊಳಗೆ ದೂರನ್ನು ಇತ್ಯರ್ಥ ಮಾಡಬೇಕು. ತಪ್ಪು ಗ್ರಾಹಕರದೆಂದು ಸಾಧಿಸುವ ಹೊಣೆಯೂ ಬ್ಯಾಂಕಿನದೇ. ‘ನೀವೇ ಯಾರಿಗೋ ಪಾಸ್‌ವರ್ಡ್ ಕೊಟ್ಟಿರಬೇಕು’ ಎಂಬ ಊಹೆಯ ಮಾತಿಗೆ ತಲೆಬಾಗಬೇಡಿ. ತಂದೆಯವರ ಖಾತೆ ಸಹಕಾರಿ ಬ್ಯಾಂಕಿನಲ್ಲಿದ್ದರೂ ಚಿಂತೆಯಿಲ್ಲ. ಅವುಗಳಿಗೂ ಇಂಥದೇ ನಿರ್ದೇಶನ 2017ರ ಡಿಸೆಂಬರ್‌ನಲ್ಲಿ ಬಂದಿದೆ.

ಪ್ರಶ್ನೆ: ನಾನೇ ಓಟಿಪಿ ಹೇಳಿಬಿಟ್ಟೆ. ಬ್ಯಾಂಕಿನವರೆಂದು ನಂಬಿದೆ. ತಪ್ಪು ನನ್ನದೇ ಆದ್ದರಿಂದ ದೂರು ಕೊಟ್ಟು ಏನು ಪ್ರಯೋಜನ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ.

ಉತ್ತರ: ಪ್ರಯೋಜನವಿದೆ. ಗ್ರಾಹಕರ ಅಜಾಗ್ರತೆಯಿಂದ ಹೋದ ಹಣದ ನಷ್ಟವನ್ನು ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರೇ ಹೊರಬೇಕು ಎಂಬುದು ನಿಜ. ಆದರೆ ತಿಳಿಸಿದ ಕ್ಷಣದ ನಂತರ ಹೋಗುವ ಪ್ರತಿ ರೂಪಾಯಿಯೂ ಬ್ಯಾಂಕಿನ ಹೊಣೆ. ವಂಚಕರು ಒಮ್ಮೆ ತೆಗೆದು ಸುಮ್ಮನಾಗುವವರಲ್ಲ. 1930ಕ್ಕೆ ಬೇಗ ತಿಳಿಸಿದರೆ, ಹೋದ ಹಣ ಮುಂದಿನ ಖಾತೆಯಲ್ಲಿ ಇನ್ನೂ ಉಳಿದಿದ್ದ ಪಕ್ಷದಲ್ಲಿ, ಅದನ್ನು ತಡೆಹಿಡಿಯುವ ಅವಕಾಶವೂ ಇದೆ. ನಾಚಿಕೆಯಿಂದ ಮುಚ್ಚಿಟ್ಟುಕೊಂಡವರೇ ಹೆಚ್ಚು ಕಳೆದುಕೊಂಡಿದ್ದಾರೆ ಎಂಬುದನ್ನು ಪತ್ರಗಳಲ್ಲಿ ಓದಿ ಓದಿ ನನಗೆ ಸಂಕಟವಾಗಿದೆ. ನೀವು ಮೋಸಹೋದದ್ದು ಅಪರಾಧವಲ್ಲ. ಇಂದೇ ದೂರು ಕೊಡಿ.

ಪ್ರಶ್ನೆ: ಫೋನ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿ 15,000 ರೂಪಾಯಿ ಅಪರಿಚಿತರ ಖಾತೆಗೆ ಹೋಯಿತು. ಇದಕ್ಕೂ ಮರುದಿನದ ಗಡುವು ಅನ್ವಯಿಸುತ್ತದೆಯೇ?

ಉತ್ತರ: ಇಲ್ಲ. ನೀವು ಹೇಳಿದ ಖಾತೆಗೆ ಹಣ ಸರಿಯಾಗಿಯೇ ಸೇರಿದೆ. ವ್ಯವಸ್ಥೆಯ ದೃಷ್ಟಿಯಲ್ಲಿ ಅದು ಯಶಸ್ವಿ ವಹಿವಾಟು. ನಿಮ್ಮ ಬ್ಯಾಂಕಿಗೂ ಆ್ಯಪ್‌ಗೂ ಕೂಡಲೇ ತಿಳಿಸಿದರೆ ಅವರು ಎದುರು ಬ್ಯಾಂಕಿನ ಮೂಲಕ ಆ ಖಾತೆದಾರರನ್ನು ಸಂಪರ್ಕಿಸುತ್ತಾರೆ, ಆದರೆ ಅವರ ಒಪ್ಪಿಗೆಯಿಲ್ಲದೆ ಹಣವನ್ನು ಸುಮ್ಮನೆ ಹಿಂದಕ್ಕೆ ಎಳೆಯಲು ಬರುವುದಿಲ್ಲ. ಹಾಗೆಂದು ಅದು ಅವರ ಹಣವಾಗಲಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಮಿನ ಪ್ರಕಾರ ತಪ್ಪಿನಿಂದ ತಮ್ಮ ಕೈಸೇರಿದ ಹಣವನ್ನು ಹಿಂದಿರುಗಿಸಲೇಬೇಕು. ಕೊಡದಿದ್ದರೆ ಸಿವಿಲ್ ದಾವೆ ಹೂಡಲು ಮೂರು ವರ್ಷಗಳ ಕಾಲಾವಕಾಶವಿದೆ. ಅಷ್ಟು ದೂರ ಹೋಗದೆ, ಬ್ಯಾಂಕಿನ ಮೂಲಕ ಹೋಗುವ ಮೊದಲ ಸಂದೇಶಕ್ಕೇ ಹಣ ಮರಳಿಸುವ ಒಳ್ಳೆಯ ಜನರೂ ಇದ್ದಾರೆ.

ಪ್ರಶ್ನೆ: ವಿದೇಶಿ ಜಾಲತಾಣವೊಂದರಲ್ಲಿ ಕ್ರೆಡಿಟ್ ಕಾರ್ಡಿನಿಂದ ಉಪಕರಣ ತರಿಸಿದೆ. ಎರಡು ತಿಂಗಳಲ್ಲಿ ಬರುತ್ತದೆ ಎಂದವರು ಈಗ ಉತ್ತರವನ್ನೇ ಕೊಡುತ್ತಿಲ್ಲ. ಹಣ ಕಟ್ಟಿ ಮೂರು ತಿಂಗಳಾಯಿತು.

ಉತ್ತರ: ನಿಮಗಿರುವ ದಾರಿ ಚಾರ್ಜ್‌ಬ್ಯಾಕ್. ಅಂದರೆ, ವಸ್ತು ಬಾರದಿದ್ದರೆ ಅಥವಾ ಹೇಳಿದಂತೆ ಇಲ್ಲದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕು ಕಾರ್ಡ್ ಜಾಲದ ಮೂಲಕ ವ್ಯಾಪಾರಿಯ ಬ್ಯಾಂಕಿನಿಂದ ಹಣ ವಾಪಸು ಕೇಳುವ ಕ್ರಮ. ವೀಸಾ ಮತ್ತು ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಅವಧಿಯಿದೆ. ವಸ್ತು ತಲುಪದ ಪ್ರಕರಣದಲ್ಲಿ ಎಣಿಕೆ ಶುರುವಾಗುವುದು ಹಣ ಕಟ್ಟಿದ ದಿನದಿಂದಲ್ಲ, ವಸ್ತು ತಲುಪಬೇಕಾಗಿದ್ದ ದಿನದಿಂದ. ಆದ್ದರಿಂದ ನಿಮ್ಮ ಬಳಿ ಇನ್ನೂ ಸಮಯವಿದೆ. ಆದರೆ ಆ 120 ದಿನ ಬ್ಯಾಂಕು ಜಾಲದಲ್ಲಿ ಪ್ರಕರಣ ದಾಖಲಿಸಲು ಇರುವ ಅವಧಿ. ನೂರಹತ್ತೊಂಬತ್ತನೆಯ ದಿನ ನೀವು ಬ್ಯಾಂಕಿಗೆ ಹೋದರೆ ಅವರಿಗೆ ಕಾಗದಪತ್ರ ಸಿದ್ಧಪಡಿಸಲೂ ಪುರಸತ್ತು ಸಿಗದು. ಎರಡು ತಿಂಗಳಲ್ಲಿ ತಲುಪಿಸುತ್ತೇವೆ ಎಂದು ಅವರು ಬರೆದಿರುವ ಪುಟ ಅಥವಾ ಇಮೇಲ್, ಹಣ ಕಟ್ಟಿದ ರಸೀದಿ, ನೀವು ಬರೆದ ಪತ್ರಗಳು ಇವಿಷ್ಟನ್ನೂ ಉಳಿಸಿಟ್ಟುಕೊಂಡು ಈ ವಾರವೇ ಅರ್ಜಿ ಕೊಡಿ. ಇಂಥ ವ್ಯಾಪಾರಿಗಳು ‘ಇನ್ನು ಹದಿನೈದು ದಿನ’ ಎನ್ನುತ್ತ ಗ್ರಾಹಕರ ಗಡುವು ಮುಗಿಯುವವರೆಗೂ ಸಾಗಹಾಕುವುದುಂಟು. ನಡುವೆ ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯನ್ನು ಬಳಸಿದ್ದರೆ ಅಲ್ಲಿ ವಿವಾದ ಎತ್ತಲು ಪಾವತಿಯಾದ ದಿನದಿಂದ 180 ದಿನ ಇರುತ್ತದೆ. ಎತ್ತಿದ ಮೇಲೆ 20 ದಿನಗಳೊಳಗೆ ಅದನ್ನು ಮುಂದಿನ ಹಂತದ ಹಕ್ಕುಕೋರಿಕೆಯಾಗಿ ಮಾರ್ಪಡಿಸದಿದ್ದರೆ ವಿವಾದ ತಾನಾಗಿಯೇ ಮುಚ್ಚಿಹೋಗುತ್ತದೆ.

ಪ್ರಶ್ನೆ: ಒಂದು ತಿಂಗಳು ಉಚಿತ ಎಂದು ಸೇರಿಕೊಂಡ ಆ್ಯಪ್ ಈಗ ಪ್ರತಿ ತಿಂಗಳೂ ಹಣ ಕಡಿತ ಮಾಡುತ್ತಿದೆ. ಹಿಂದಿನದೆಲ್ಲ ವಾಪಸು ಸಿಗುತ್ತದೆಯೇ?

ಉತ್ತರ: ಹಿಂದಿನದು ಸಿಗುವುದು ಕಷ್ಟ, ಏಕೆಂದರೆ ಆ ಕಡಿತಕ್ಕೆ ಆರಂಭದಲ್ಲಿ ಒಪ್ಪಿಗೆ ಕೊಟ್ಟವರು ನೀವೇ. ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಸೂಚನೆ ಬಂದಿತ್ತೇ ಎಂದು ಹಳೆಯ ಸಂದೇಶಗಳಲ್ಲಿ ಹುಡುಕಿ. ಬಂದಿಲ್ಲವಾದರೆ ಅದನ್ನೇ ಮುಖ್ಯ ಅಂಶವಾಗಿಟ್ಟು ಬ್ಯಾಂಕಿಗೆ ದೂರು ಕೊಡಿ. ಮೊದಲು ಮಾತ್ರ ಆಟೊಪೇ ಅನುಮತಿಯನ್ನು ರದ್ದುಮಾಡಿ. ಆ್ಯಪ್ ಅನ್ನು ಫೋನಿನಿಂದ ಅಳಿಸಿಹಾಕಿದರೆ ಅನುಮತಿ ರದ್ದಾಗುವುದಿಲ್ಲ.

ಪ್ರಶ್ನೆ: ದೂರು ಕೊಟ್ಟು ತಿಂಗಳು ಕಳೆದರೂ ಬ್ಯಾಂಕಿನಿಂದ ಉತ್ತರವಿಲ್ಲ. ಮುಂದೆ ಎಲ್ಲಿಗೆ ಹೋಗಬೇಕು? ವಕೀಲರನ್ನು ಇಡಬೇಕೇ?

ಉತ್ತರ: ಬೇಕಾಗಿಲ್ಲ. ಬ್ಯಾಂಕು 30 ದಿನಗಳೊಳಗೆ ಉತ್ತರಿಸದಿದ್ದರೆ ಅಥವಾ ಕೊಟ್ಟ ಉತ್ತರ ನಿಮಗೆ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರುಗಳನ್ನು ವಿಚಾರಿಸಿ ಬಗೆಹರಿಸುವ ಅಧಿಕಾರಿಗೆ, ದೂರು ಸಲ್ಲಿಸಬಹುದು. ಬೇರೆ ಬೇರೆಯಾಗಿದ್ದ ಯೋಜನೆಗಳನ್ನು ಒಂದುಗೂಡಿಸಿದ ಸಮಗ್ರ ಒಂಬುಡ್ಸ್‌ಮನ್ ಯೋಜನೆ 2021ರ ನವೆಂಬರ್ 12ರಂದು ಆರಂಭವಾಯಿತು. ಶುಲ್ಕವಿಲ್ಲ; ರಿಸರ್ವ್ ಬ್ಯಾಂಕಿನ ಸಿಎಂಎಸ್ (ದೂರು ನಿರ್ವಹಣಾ ವ್ಯವಸ್ಥೆ) ಜಾಲತಾಣದಲ್ಲಿ ನೀವೇ ದೂರು ತುಂಬಬಹುದು, 14448ಕ್ಕೆ ಕರೆ ಮಾಡಿ ಮಾಹಿತಿ ಪಡೆಯಬಹುದು. ಬ್ಯಾಂಕಿಗೆ ಮೊದಲು ಬರವಣಿಗೆಯಲ್ಲಿ ದೂರು ಕೊಟ್ಟಿರುವುದಕ್ಕೆ ಪುರಾವೆ ಇಲ್ಲದಿದ್ದರೆ ಅಲ್ಲಿ ದೂರು ನಿಲ್ಲುವುದಿಲ್ಲ. ದೂರು ಸಂಖ್ಯೆ ಪಡೆಯಿರಿ ಎಂದು ಮೊದಲ ಉತ್ತರದಲ್ಲೇ ಒತ್ತಿ ಹೇಳಿದ್ದು ಇದಕ್ಕಾಗಿ. ಮೂವತ್ತು ದಿನ ತುಂಬಿದ ಮೇಲೆ ಮತ್ತೆ ತಿಂಗಳುಗಟ್ಟಲೆ ನೆನಪೋಲೆ ಬರೆಯುತ್ತ ಕೂರಬೇಡಿ. ಅಲ್ಲಿಗೆ ಹೋಗಲೂ ಕಾಲಮಿತಿಯಿದೆ.

ಒಂಬುಡ್ಸ್‌ಮನ್‌ರ ವ್ಯಾಪ್ತಿಗೆ ಬರುವುದು ಬ್ಯಾಂಕುಗಳು, ಪಾವತಿ ಸಂಸ್ಥೆಗಳು ಮುಂತಾದ ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಸಂಸ್ಥೆಗಳು ಮಾತ್ರ. ವಸ್ತು ಮಾರಿದ ಕಂಪನಿಯೇ ಹಣ ಹಿಡಿದಿಟ್ಟುಕೊಂಡಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಕಂಪನಿಯ ಕಚೇರಿ ಯಾವ ಊರಿನಲ್ಲಿದ್ದರೂ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಸಲ್ಲಿಸಬಹುದು, ಮತ್ತು ನೀವು ತೆತ್ತ ಮೊತ್ತ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವನ್ನೂ ಕಟ್ಟಬೇಕಾಗಿಲ್ಲ.